ಅಂಟು ಕಚ್ಚುವ ತನಕ

ದುರ್ಗಿಗುಡಿಯಿಂದ ಲಗೇಜ್ ಆಟೋದಲ್ಲಿ ಬಂತು
ಹದಿನೆಂಟು ಎಂಎಂ ಪ್ಲೈವುಡ್, ಆರಡಿಗೆ ಕೊಯ್ಸಿದ್ದು, ಎರಡು.
ಒಂದೇ ಸಾಲದು; ಸುತ್ತಿಗೆ ಏಟಿಗೆ ಜಿಗಿಯುತ್ತದೆ.
ಒಂದರ ಮೇಲೆ ಫೆವಿಕಾಲ್ ಸುರಿದು
ಹಳೆ ಬಾಚಣಿಗೆಯಲ್ಲಿ ಎಳೆದೆ, ಉತ್ತ ಗದ್ದೆಯ ಗೆರೆ.
ಇನ್ನೊಂದನ್ನು ಕವುಚಿದೆ.

ಇನ್ನು ಬಿಗಿಯಬೇಕು. ಇರುವುದು ಎರಡೇ ಕ್ಲಾಂಪು,
ಒಂದರ ತಿರುಪು ಸವೆದಿದೆ.

"ಭಾರ ತಾನೇ ಬೇಕು?" ಎದುರುಮನೆಯ ಜುಬೇದಾಬಿ
ಚಪ್ಪಲಿ ಬಿಟ್ಟು ಬಂದು ಮೂಲೆಯಲ್ಲಿ ಕೂತರು.
ಗೇಟಿನ ಜಗಳಕ್ಕೆ ಅವರೊಡನೆ ಮಾತು ಬಿಟ್ಟಿದ್ದ
ಕಂಡಕ್ಟರ್ ತಿಪ್ಪೇಶಪ್ಪ ಆಚೆ ತುದಿಗೆ.
ನಡುವೆ ಅಕ್ಕಿಮೂಟೆ, ರುಬ್ಬುಗುಂಡು,
ಟ್ಯೂಷನ್ನಿಗೆ ಬಂದ ಮೂರು ಹುಡುಗರು.

ಒಂದು ಗಂಟೆ ಏಳುವಂತಿಲ್ಲ.
ಚಹಾ ಕೂತಲ್ಲಿಗೇ ಬಂತು.
ಮೊದಲು ಬರೀ ಕೆಮ್ಮು.
ಆಮೇಲೆ ತುಂಗೆಯಲ್ಲಿ ನೀರೆಷ್ಟು ಎಂಬ ಲೆಕ್ಕ.
ಆಮೇಲೆ, "ಆ ಗೇಟು ರಾತ್ರಿ ಕಿರುಗುಟ್ಟುತ್ತೆ, ಅಷ್ಟೇ ನನ್ನ ತಕರಾರು."
ಯಾರು ಅಂದರೋ;
ನಾನು ಅಂಚಿನಲ್ಲಿ ಉಕ್ಕಿದ ಅಂಟು ಒರೆಸುತ್ತಿದ್ದೆ.

ಕಾಲು ಕೂಡಿಸಿದ ಮೇಲೆ ಗೊತ್ತಾಯಿತು,
ಬೆಂಚು ಬಾಗಿಲಿಗಿಂತ ನಾಲ್ಕಿಂಚು ಅಗಲ.
ಇರಲಿ, ಎಲ್ಲಿಗೆ ಹೋಗಬೇಕು ಅದು?
ಕೀಸುಳಿ ನೂಕಿದರೆ ನಾನೇ ಹಿಂದೆ ಸರಿಯುತ್ತೇನೆ.

ಮೊದಲ ಕೆಲಸಕ್ಕೆ ಅದರ ಮೇಲೆ ಗೇಟು ಮಲಗಿತ್ತು.
ಮತ್ತೆ ಹಾಕಿದೆ. ಇನ್ನೂ ಕಿರುಗುಟ್ಟುತ್ತದೆ ಸ್ವಲ್ಪ.
ಬರುವ ಭಾನುವಾರ ನೋಡುವಾ.