ಎರಡೆರಡು ಇಟ್ಟಿಗೆ

ಹಾನ್‌ಡಾರ್ಫಿನ ದೊಡ್ಡ ಬೀದಿ ಇನ್ನೂ ಎದ್ದಿಲ್ಲ.
ಬೇಕರಿಯಲ್ಲಿ ಮಾತ್ರ ದೀಪ; ಹಿತ್ತಲ ಬಾಗಿಲಿಂದ
ಬ್ರೆಡ್ಡಿನ ಬಿಸಿ ವಾಸನೆ
ನನ್ನ ಹಿಂದೆ ಒಂದು ಫರ್ಲಾಂಗು ಓಡಿಬಂದು
ಸಾಕಾಗಿ ನಿಲ್ಲುತ್ತದೆ.

ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಲೇಸು ಬಿಗಿದು ಹೊರಟವಳು ನಾನು.
ಮೊದಲ ಮೈಲಿ ಯಾವತ್ತೂ ಜಗಳಗಂಟಿ:
ಮೊಣಕಾಲು ಒಂದಂದರೆ ಹಿಮ್ಮಡಿ ಎರಡನ್ನುತ್ತದೆ.
ಇಬ್ಬರ ಮಾತಿಗೂ ಕಿವಿಗೊಡದೆ
ದ್ರಾಕ್ಷಿ ತೋಟದ ಬೇಲಿಗುಂಟ ಏರುತ್ತೇನೆ.

ಮೊದಲ ಗೇಟು. ತುಕ್ಕು ತಗಡಿನ ಮೇಲೆ ಬರಹ:
ಹೇಗಿತ್ತೋ ಹಾಗೇ ಬಿಡಿ.
ತೆರೆದಿದ್ದರೆ ತೆರೆದು, ಮುಚ್ಚಿದ್ದರೆ ಮುಚ್ಚಿ.
ನನಗೋ ಮುಚ್ಚುವುದೊಂದೇ ಗೊತ್ತು.
ಶಹಾಬಾದಿನ ನಮ್ಮ ಓಣಿಯಲ್ಲಿ ಬಾಗಿಲು ತೆರೆದಿಟ್ಟರೆ
ಮೇಕೆ ಒಳಗೆ, ರೊಟ್ಟಿ ಅದರ ಹೊಟ್ಟೆಯೊಳಗೆ.
ಹೀಗೇ ಒಂದು ದಿನ ಅಗುಳಿ ಹಾಕಿ ಹೋಗಿದ್ದೆ;
ನಲವತ್ತು ಕುರಿ ನೀರ ತೊಟ್ಟಿಯ ಈಚೆಗೆ
ಮಧ್ಯಾಹ್ನದವರೆಗೆ ಬಾಯಾರಿ ನಿಂತವು.
ಮರುದಿನ ಬೈಯಲಿಕ್ಕೆಂದೇ ಕಾದು ನಿಂತಿದ್ದಳು ಹುಲ್ಡಾ,
ಎಂಬತ್ತಮೂರರ ಮುದುಕಿ,
ಸೊಂಟದಲ್ಲಿ ಉಕ್ಕು, ಕೈಯಲ್ಲಿ ಬಕೆಟ್ಟು.

ಬೈದು ಮುಗಿಸಿದ ಮೇಲೆ ಕೇಳಿದಳು:
ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲವಲ್ಲ, ಯಾಕೆ ಓಡ್ತಿ?

ಸೆಪ್ಟೆಂಬರಿನಲ್ಲಾದರೆ ಉತ್ತರ ಸುಲಭವಿತ್ತು.
ಆಗ ಮ್ಯಾಗ್‌ಪೈಗೆ ಬಾಣಂತಿಯ ಸಿಟ್ಟು,
ಮರದಿಂದ ಕಲ್ಲಿನ ಹಾಗೆ ಬೀಳುತ್ತದೆ ನೆತ್ತಿಗೆ.
ಟೋಪಿಯ ಹಿಂದೆ ಎರಡು ಕಣ್ಣು ಬರೆದುಕೊಂಡಿದ್ದೇನೆ;
ಅದು ನಂಬುವುದಿಲ್ಲ.

ಹುಲ್ಡಾ ಹೇಳಿದಳು:
ಇದೇ ದಾರಿಯಂತೆ. ಅವಳ ಮುತ್ತಜ್ಜಿಯರು
ನಡುರಾತ್ರಿ ಎದ್ದು, ಬೆಣ್ಣೆ ಮೊಟ್ಟೆ ಸೊಪ್ಪು
ಬುಟ್ಟಿ ತುಂಬಿ ಬೆನ್ನಿಗೇರಿಸಿ
ಬರಿಗಾಲಲ್ಲಿ ಬೆಟ್ಟ ಇಳಿದು ಅಡಿಲೇಡಿನ ಸಂತೆಗೆ.
ಸಂಜೆ ಹತ್ತಿ ಬರುವಾಗ ಸೂಜಿ, ಸಕ್ಕರೆ,
ಗಂಡನಿಗೆ ಹೊಗೆಸೊಪ್ಪು,
ಮೇಲೆ ಒಬ್ಬೊಬ್ಬಳಿಗೆ ಎರಡೆರಡು ಇಟ್ಟಿಗೆ,
ಊರಲ್ಲಿ ಚರ್ಚು ಕಟ್ಟಲಿಕ್ಕೆ.
ಅಷ್ಟು ಹೇಳಿ ನನ್ನ ವಾಚಿನ ಕಡೆ ನೋಡಿ,
ಇಟ್ಟಿಗೆ ಇಲ್ಲದೆಯೂ ಇಷ್ಟು ನಿಧಾನವಾ, ಅಂದಳು.

ಆವತ್ತಿನಿಂದ ಏರಿನಲ್ಲಿ ಉಸಿರು ಎಣಿಸುವಾಗ
ಅವರು ಪಕ್ಕದಲ್ಲೇ. ಲಂಗದ ಅಂಚು ತೊಯ್ದು ಭಾರ.
ಯಾರೋ ಒಬ್ಬಳು ಕೆಮ್ಮುತ್ತಾಳೆ.
ಅವರ ನಡುವೆ, ಕರೆಯದೆ ಬಂದು ಸೇರಿದವಳು
ನಮ್ಮವ್ವ: ತಲೆಗೆ ಸಿಂಬಿ,
ಸಿಂಬಿ ಮೇಲೆ ಗಣಿಯಿಂದ ಎದ್ದ ಹಾಸುಗಲ್ಲು,
ಇನ್ನೂ ತಣ್ಣಗೆ.
ಓಡಬ್ಯಾಡ ಮಗಳ, ಅಂತಾಳ,
ಹೊರೆ ಹೊತ್ತು ಓಡಿದರ
ಕಲ್ಲು ಮುಂದ ಹೋಗ್ತದ, ನೀ ಹಿಂದ ಉಳೀತಿ.
ಅವಳು ಓಡಿದ್ದು ನಾ ಕಂಡದ್ದು ಎರಡೇ ಸಲ:
ಮದ್ದು ಸಿಡಿಸುವ ಸೀಟಿ ಊದಿದಾಗ,
ನಾನು ಅಂಬೆಗಾಲಿಕ್ಕುವ ತಮ್ಮನನ್ನು
ಬಾವಿಯ ಹತ್ತಿರ ಮರೆತು ಬಂದಾಗ.

ತುದಿಯಲ್ಲಿ ಗಾಳಿ. ಗಮ್ ಮರ ತೊಗಟೆ ಕಳಚಿ
ಮಿಂದೆದ್ದ ಮೈಯ ಹಾಗೆ ನಿಂತಿದೆ.
ಕೆಳಗೆ ಊರು, ಚರ್ಚಿನ ಮೊನೆ, ಒಂದು ಟ್ರ್ಯಾಕ್ಟರು.
ಯುದ್ಧದ ಕಾಲಕ್ಕೆ ಈ ಊರಿನ ಜರ್ಮನ್ ಹೆಸರು ಅಳಿಸಿ
ಬೇರೆ ಬರೆದರು; ಹದಿನೇಳು ವರ್ಷ ಬೇಕಾಯಿತು
ಹಳೆಯದು ತಿರುಗಿ ಬರಲು.
ಅದಕ್ಕೂ ಹಳೆಯದೊಂದು, ಪೆರಮಾಂಕ್ ಜನರದ್ದು,
ನನ್ನ ನಾಲಿಗೆಗೆ ಇನ್ನೂ ಸರಿಯಾಗಿ ಕೂತಿಲ್ಲ.
ಯಾವ ಗೇಟನ್ನೂ ಯಾರೂ
ಹೇಗಿತ್ತೋ ಹಾಗೆ ಬಿಟ್ಟವರಲ್ಲ ಇಲ್ಲಿ.

ಇಳಿಜಾರಿನಲ್ಲಿ ಕಾಲು ತಾನಾಗಿ ಹೋಗುತ್ತದೆ.
ಸಾಕ್ಸಿನ ತುಂಬ ಹುಲ್ಲಿನ ಮುಳ್ಳು,
ಬೆನ್ನಲ್ಲಿ ಬೆವರು ಆರುವ ಚಳಿ,
ವಾಚು ಏನೋ ಲೆಕ್ಕ ಹೇಳಿ ಸುಮ್ಮನಾಯಿತು.

ಕೊನೆಯ ಗೇಟು ಅರ್ಧ ತೆರೆದಿತ್ತು.
ಹಲಗೆಯಲ್ಲಿ ಅದಕ್ಕೆ ಮಾತಿಲ್ಲ.
ಸ್ವಲ್ಪ ಹೊತ್ತು ನಿಂತೆ, ಕೈ ಅಗುಳಿಯ ಮೇಲಿಟ್ಟು, ತೆಗೆದು.
ಮೈ ಅಡ್ಡ ತಿರುಗಿಸಿ ನುಸುಳಿದೆ,
ತಲೆ ಅಲುಗದ ಹಾಗೆ.