ತಕ್ಕದ್ದು

ಬೆಳಗಿನ ಐದಕ್ಕೇ ಹೊರಟೆವು, ನಾನು ಮತ್ತು ಸಿಗ್ನೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ,
ವೈಪರ್ ಕೆರೆದಷ್ಟೇ ದಾರಿ.
ರಾಜಧಾನಿಗೆ ನೂರೆಂಬತ್ತು ಮೈಲಿ.
ಸೂರ್ಯಕಾಂತಿಯ ಒಣ ಕೂಳೆ
ಹಿಮದಿಂದ ತಲೆಯೆತ್ತಿ ಸಾಲು ಸಾಲು.
ಅವಳು ರೇಡಿಯೋ ಹಚ್ಚಲಿಲ್ಲ, ನಾನೂ ಕೇಳಲಿಲ್ಲ.
ಥರ್ಮಾಸಿನ ಕಾಫಿ ಮಡಿಲಿಗೆ ಚೆಲ್ಲಿತು.
ಬೈದೆವು, ಆಮೇಲೆ ನಕ್ಕೆವು.

ನನ್ನ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ.
ಲಾರ್ಕಿನ್ ಕೌಂಟಿ ಆಸ್ಪತ್ರೆಯ ಹಿಂಬಾಗಿಲ ಹತ್ತಿರ
ಒಂದು ಕಪಾಟು, ಬೀಗದಕೈ ನನ್ನ ಕೊರಳಲ್ಲಿ.
ಒಳಗೆ ಬೂದುಬಣ್ಣದ ಪೈಜಾಮಗಳು,
ಒಳ ಉಡುಪು, ಬಾಚಣಿಗೆ, ಕಾಲುಚೀಲ.
ಏಕೆಂದರೆ ಉಟ್ಟುಬಂದದ್ದು ಸಾಕ್ಷಿಯಾಗುತ್ತದೆ,
ಕಾಗದದ ಚೀಲ ಸೇರುತ್ತದೆ.
ಮನೆಗೆ ಏನುಟ್ಟು ಹೋಗುವುದು?
ಇದಕ್ಕೆಂದು ಬರುತ್ತಿದ್ದ ದುಡ್ಡು ಹೋದ ವರ್ಷ
ಮೂರರಲ್ಲೊಂದು ಪಾಲಿಗೆ ಇಳಿಯಿತು.
ಚರ್ಚಿನ ಹೆಂಗಸರು ಕಾಲುಚೀಲ ಹೆಣೆದು ತಂದರು,
ಯಾರಿಗೆ ಅಂತ ಕೇಳದೆ.
ಕೆಲವದರ ಮೇಲೆ ಹಿಮಸಾರಂಗ, ಕೆಂಪು ಮೂಗಿನದು.

ಸಿಗ್ನೆಯ ಡಬ್ಬ ಹನ್ನೊಂದು ವರ್ಷ
ಶೆರೀಫರ ಉಗ್ರಾಣದಲ್ಲಿ ಕೂತಿತ್ತು,
ಕಳುವಾದ ಸೈಕಲ್ಲುಗಳ ಸಂಗಡ.
ನರ್ಸೊಬ್ಬಳು ಐದು ಗಂಟೆ ಹೊತ್ತು
ಉಗುರ ಸಂದಿಯಿಂದ, ಕೂದಲ ಬುಡದಿಂದ
ಹತ್ತಿಕಡ್ಡಿಯಲ್ಲಿ ಎತ್ತೆತ್ತಿ ತುಂಬಿದ್ದು.
ಪ್ರತಿ ಸಲವೂ ‘ಮುಟ್ಟಲೇ?’ ಅಂತ ಕೇಳಿ ಮುಟ್ಟಿದ್ದು.
ಮೊಹರು ಒಡೆದಿರಲಿಲ್ಲ.
‘ಅಷ್ಟರಲ್ಲಿ ನನ್ನ ಮಗ ಹುಟ್ಟಿದ,’ ಎಂದಳು ಕಾರಿನಲ್ಲಿ,
‘ಹಲ್ಲು ಬಂತು, ಬಿತ್ತು, ಮತ್ತೆ ಬಂತು.’

ಸಮಿತಿಯ ಕೋಣೆಯಲ್ಲಿ ಉಣ್ಣೆಕೋಟುಗಳ ಒದ್ದೆ ವಾಸನೆ.
ಬಾತುಕೋಳಿ ಬೇಟೆಯ ಪರವಾನಗಿಗೆ ನಲವತ್ತು ನಿಮಿಷ.
ಆಮೇಲೆ ನಾವು, ತಲಾ ಮೂರು ನಿಮಿಷ.
ಮೇಜಿನ ಮೇಲೆ ಪುಟ್ಟ ದೀಪ,
ಹಸಿರು ಹಳದಿಯಾಗಿ, ಹಳದಿ ಕೆಂಪಾಗುವಂಥದು.

ಮಸೂದೆಯ ಪ್ರತಿ ಆಗಷ್ಟೇ ಕೈಗೆ ಬಂತು.
ಮೊದಲು ಹೀಗಿತ್ತು:
ತೊಂಬತ್ತು ದಿನಗಳೊಳಗೆ ಪರೀಕ್ಷೆಗೆ ಕಳಿಸತಕ್ಕದ್ದು.
ರಾತ್ರಿ ಯಾರೋ ಗೀಟು ಹಾಕಿದ್ದರು:
ಕಳಿಸಬಹುದು.
ಒಂದು ಕ್ರಿಯಾಪದದ ಬಾಲ ಕತ್ತರಿಸಿ
ಇನ್ನೊಂದು ಬಾಲ ಹೊಲಿದಿದ್ದರು, ಅಷ್ಟೆ.
‘ಖರ್ಚಿನ ಸಲುವಾಗಿ,’ ಎಂದರು ಅಧ್ಯಕ್ಷ ಓಡ್‌ಗಾರ್ಡ್,
ಒಳ್ಳೆಯ ಮನುಷ್ಯ, ಶೀತವಾಗಿತ್ತು,
ಕರವಸ್ತ್ರದೊಳಗಿಂದ ಮಾತಾಡಿದರು.

ಸಿಗ್ನೆ ಬರೆದು ತಂದಿದ್ದ ಎರಡು ಹಾಳೆ ಬಿಚ್ಚಲಿಲ್ಲ.
‘ಬಹುದು ಹೊಸದಲ್ಲ, ಸ್ವಾಮಿ,’ ಎಂದಳು.
‘ಹನ್ನೊಂದು ವರ್ಷ ನಾನು ಬದುಕಿದ್ದೇ ಅದರೊಳಗೆ.
ಕಳಿಸಬಹುದಿತ್ತು.
ತೆರೆಯಬಹುದಿತ್ತು.
ಒಂದು ಫೋನಾದರೂ ಮಾಡಬಹುದಿತ್ತು.’
ಅಷ್ಟು ಹೇಳಿ ಸುಮ್ಮನಾದಳು.
ಇನ್ನೂ ಎರಡು ನಿಮಿಷ ಮಿಕ್ಕಿತ್ತು.
ಎದ್ದು ಹೋಗಲಿಲ್ಲ.
ಅದು ತನ್ನದೇ ಕಾಲ ಅನ್ನುವ ಹಾಗೆ ಕೂತಿದ್ದಳು.
ಹಸಿರು. ಹಸಿರು. ಯಾರೋ ಕೆಮ್ಮಿದರು.
ಹಳದಿ.
ಬೆರಳಚ್ಚು ಮಾಡುತ್ತಿದ್ದ ಹುಡುಗಿ
ಕೀಲಿಗಳ ಮೇಲೆ ಕೈಯಿಟ್ಟು ಕಾದಳು, ಒತ್ತಲಿಲ್ಲ.
ಮೌನಕ್ಕೆ ಅವರ ಕಡತದಲ್ಲಿ ಅಕ್ಷರವಿಲ್ಲ.
ಕೆಂಪು.

ಗುರುವಾರ ಸುದ್ದಿ ಬಂತು:
ತಕ್ಕದ್ದು ವಾಪಸು ಬಂದಿದೆ,
ತೊಂಬತ್ತು ಮಾತ್ರ ನೂರೆಂಬತ್ತಾಗಿದೆ.
ಸಿಗ್ನೆಗೆ ಇದರಿಂದ ಏನೂ ಇಲ್ಲ.
ಮೊಕದ್ದಮೆ ಹೂಡುವ ಅವಧಿ
ಹೋದ ಮಾರ್ಚಿಗೇ ತೀರಿತ್ತು.
ಅವನು ಈಗಲೂ ಬೇಸಿಗೆಯಲ್ಲಿ
ಹುಡುಗರಿಗೆ ಈಜು ಕಲಿಸುತ್ತಾನೆ.
ಅವಳಿಗೆ ಫೋನು ಮಾಡಿದೆ. ‘ಸರಿ,’ ಎಂದಳು.
ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಲ್ಲಲಿಲ್ಲ.

ಅದೇ ರಾತ್ರಿ ಎರಡೂಕಾಲಿಗೆ ನನ್ನ ಫೋನು ಬಡಿದುಕೊಂಡಿತು.
ಹಿಂಬಾಗಿಲು, ಕಾರಿಡಾರು, ಕಪಾಟು.
ಹತ್ತೊಂಬತ್ತೋ ಇಪ್ಪತ್ತೋ,
ಕಾಗದದ ಗೌನಿನಲ್ಲಿ ನಡುಗುತ್ತ ಕೂತಿದ್ದಾಳೆ,
ಹೆಸರು ಇನ್ನೂ ಹೇಳಿಲ್ಲ.
ಹಿಮಸಾರಂಗ ನೋಡಿ ತುಟಿ ಒಂದು ಕಡೆ ಅಲುಗಿತು.
ಅದು ನಗುವಲ್ಲ, ನಾನು ಹಾಗೆ ಬರೆಯಲಾರೆ.

ಪೈಜಾಮಗಳ ಅಟ್ಟಿಯಲ್ಲಿ ಕೈಯಾಡಿಸುತ್ತೇನೆ.
ಇದು ದೊಡ್ಡದು. ಇದರ ಲಾಡಿ ಹರಿದಿದೆ.
ಎಲ್ಲೋ ಇದೆ, ಕೆಳಗೆಲ್ಲೋ,
ಅವಳಿಗೆ ತಕ್ಕದ್ದು.