ಅಳತೆ ನೂಲು

ಬ್ರೇಕು ಹಿಡಿದರೆ
ನಾದಿದ ಹಿಟ್ಟು ಹಿಸುಕಿದ ಹಾಗೆ.
ಗಾಡಿ ನಿಲ್ಲುತ್ತಿತ್ತು, ನಿಲ್ಲಬೇಕಾದ ಜಾಗ ದಾಟಿ.
ಮೊನ್ನೆ ಗೂಡಿನ ಮಾರುಕಟ್ಟೆ ಗೇಟಿನಲ್ಲಿ
ಯಾರದೋ ಮೊಪೆಡ್ಡಿನ ಹಿಂದಿದ್ದ ಚೀಲಕ್ಕೆ
ಹಣೆ ಹಚ್ಚಿ ನಿಂತಿತು.

ಬಗ್ಗಿ ನೋಡಿದೆ.
ಹೋಸಿನ ಮೈಯೆಲ್ಲ ಒಡೆದ ಹಿಮ್ಮಡಿ.

ಮನೆಯಲ್ಲಿ ಟೇಪಿಲ್ಲ. ಇದ್ದದ್ದು ನೂಲು.
ನಾವೇ ತೆಗೆದ ರೇಷ್ಮೆ, ಎಂಟೆಳೆ ಹುರಿ ಮಾಡಿ
ಹ್ಯಾಂಡಲ್ಲು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ
ಮೇಲಿನ ಸಿಲಿಂಡರಿನಿಂದ ಕೆಳಗಿನ ಕ್ಯಾಲಿಪರಿನವರೆಗೆ ಇಳಿಬಿಟ್ಟು
ಗಂಟು ಹಾಕಿ, ಬೆರಳಿಗೆ ಸುತ್ತಿಕೊಂಡು
ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹಿಂದೆ
ದಸ್ತಗೀರಣ್ಣನ ಅಂಗಡಿಗೆ.

ಗಾಜಿನ ಮೇಲೆ ಎರಡು ಇಟ್ಟ.
‘ಇದು ರಬ್ಬರು, ನಾನೂರ ಎಂಬತ್ತು.
ಇದು ಸ್ಟೀಲ್ ಹೆಣಿಗೆದು, ಸಾವಿರದಾರ್ನೂರು.
ರಬ್ಬರಿಗೆ ವಯಸ್ಸಾದ್ರೆ ಗಂಗರತ್ನಮ್ಮ,
ನಿನ್ನ ಬೆರಳು ಹೇಳಿದ್ರಾಗೆ ಅರ್ಧ ತಾನೇ ನುಂಗ್ತದೆ,
ಮಿಕ್ಕಿದ್ದು ಚಕ್ರಕ್ಕೆ ಹೇಳ್ತದೆ.’

ಉಗುರು ಆಡಿಸಿ ನೋಡಿದೆ.
ಎಳೆ ಎಲ್ಲೂ ಬಿಟ್ಟಿಲ್ಲ. ಹೆಣೆದ ಮೆಷಿನ್ನಿಗೆ
ಅವಸರ ಇರಲಿಲ್ಲ. ಅಷ್ಟು ಗೊತ್ತಾಗುತ್ತದೆ ನನಗೆ.

ಗುಂಡಿ ಡಬ್ಬಿಯಂಥ ಡಬ್ಬಿಯಿಂದ ಬೋಲ್ಟು ಹೆಕ್ಕಿದ.
ಹತ್ತರದ್ದೇ ಎರಡು, ನನ್ನ ಕಣ್ಣಿಗೆ ಅವಳಿ ಮಕ್ಕಳು.
‘ಒಂದರ ಮರೆ ಸಣ್ಣದು, ಒಂದರದ್ದು ದಪ್ಪ.
ತಪ್ಪಿದ್ದಾದ್ರೂ ಎರಡು ಸುತ್ತು ಒಳಗೆ ಹೋಗ್ತದೆ,
ಸಂಬಂಧ ಕೂಡ್ತು ಅನ್ನಿಸ್ತದೆ.
ಆಮೇಲೆ ಎರಡು ಮನೆನೂ ಹಾಳು.’
ತಾಮ್ರದ ವಾಷರು ನಾಕು, ಹೊಸವು.
ಹಳೇದೇ ಹಾಕಿದರೆ?
‘ಒಂದ್ಸಲ ನಲುಗಿದ್ದು ಇನ್ನೊಂದ್ಸಲ ನಲುಗಲ್ಲಮ್ಮ. ಸೋರ್ತದೆ.’

ಆಮೇಲೆ ನೂಲು ಕೇಳಿದ. ಕೊಟ್ಟೆ.
ಮೇಜಿನ ಅಂಚಿಗೆ ಹಿಡಿದು ಅಳೆದ, ಮೂವತ್ತೇಳು ಇಂಚು,
ತಲೆಯೆತ್ತಿ ಕೇಳಿದ:
‘ಅಳೀವಾಗ ಗಾಡಿ ಮೇಲೆ ಏನಿತ್ತು?’

ಟ್ಯಾಂಕಿನ ಮೇಲೊಂದು ಚೀಲ ಗೂಡು,
ಹಿಂದೆ ಇನ್ನೊಂದು. ಇಳಿಸಿರಲಿಲ್ಲ.

‘ಹಂಗಾದ್ರೆ ಇದು ಹೊರೆ ಹೊತ್ತ ಅಳತೆ.
ಹೊರೆ ಇಳಿಸಿದ ಮೇಲೆ ಗಾಡಿ ಎದ್ದು ನಿಲ್ಲಲ್ವ?
ಹಳ್ಳ ಹಾರಿದಾಗ ಮುಂದಿನ ಚಕ್ರ ಕೆಳಕ್ಕೆ ಜೋತು ಬೀಳಲ್ವ?
ಆವತ್ತು ಹೋಸು ಸಾಲದೆ ಬಂದು
ಕಿತ್ತುಕೊಂಡ್ರೆ ಯಾರು ಜವಾಬ್ದಾರಿ?
ಭಾರ ಇದ್ದಾಗಿಂದಲ್ಲ ತಾಯಿ,
ಹಗುರ ಆದಾಗ ಎಷ್ಟು ಬೇಕೋ ಅಷ್ಟು ತಗೋಬೇಕು.’

ನಾನು ನೂಲಿನ ಗಂಟು ಬಿಚ್ಚತೊಡಗಿದೆ.
ರೇಷ್ಮೆಯ ಗಂಟು, ಬೇಗ ಬಿಚ್ಚುವುದಿಲ್ಲ.
ಹನ್ನೊಂದು ವರ್ಷದಿಂದ ರೀಲಿಂಗಿನ ಬಿಸಿನೀರಿನ ಮುಂದೆ ಕೂತು
ನನಗೆಷ್ಟು ಸಾಕು ಎಂದು
ಯಾವಾಗೆಲ್ಲ ಅಳೆದುಕೊಂಡೆ, ಚೀಲ ಇಳಿಸದೆಯೇ,
ನೆನಪಾಯಿತು. ಅವನಿಗೆ ಹೇಳಲಿಲ್ಲ.
‘ಚೌಕಾಸಿ ಮಾಡಲ್ವ?’ ಅಂದ.

ಸಂಜೆ ಮುಂದಿನ ಚಕ್ರ ನೆಲ ಬಿಡುವಂತೆ
ಅಡಿಗೆ ಇಟ್ಟಿಗೆ ಕೊಟ್ಟು ಎತ್ತಿ, ಎಲ್ಲ ಇಳಿಸಿ,
ಮತ್ತೆ ನೂಲು ಬಿಟ್ಟೆ.
ಮೂವತ್ತೊಂಬತ್ತೂವರೆ.

ನಾಳೆ ಅಂಗಡಿ ರಜ, ಶುಕ್ರವಾರ.
ಅಲ್ಲಿಯವರೆಗೆ ನಡೆದೇ ಹೋಗುವುದು,
ಎಣ್ಣೆ ತಾಕಿದ ನೂಲು ಬೆರಳಿಗೆ ಸುತ್ತಿಕೊಂಡು.